ಬ್ಯೂರೋ ಆಂಟಿ ಅಳಿಸಿದ ಸಾಲು

ಕಳೆದ ತಿಂಗಳು ಅಕ್ಕನ ಮಗುವಿನ ನಾಮಕರಣ, ಅನ್ನಪೂರ್ಣೇಶ್ವರಿ ನಗರದ ಒಂದು ಸಣ್ಣ ಹಾಲ್‌ನಲ್ಲಿ. ಊಟಕ್ಕೆ ಮುಂಚೆ ಮಗುವಿನ ಫೋಟೋಗಳನ್ನು ತೋರಿಸಲು ಹಾಲಿನವರು ಹಳೆಯ ಪ್ರೊಜೆಕ್ಟರ್ ಒಂದನ್ನು ತಂದು ಹಚ್ಚಿದರು. ಅದು ಬಿಸಿಯಾಗುತ್ತಿದ್ದಂತೆ ಒಳಗಿನ ಧೂಳು ಕಾದು ಒಂದು ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆಗೆ ನೂಲಿನ ಚೂರು ಅಂಟಿಕೊಂಡಾಗ ಬರುತ್ತದಲ್ಲ, ಅಂಥದ್ದು. ಪರದೆಯ ಮೇಲೆ ಮಗು ನಗುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನು ಮಾತ್ರ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ. "ಏನಾಯ್ತೇ? ಕೂತ್ಕೋ, ಹಿಂದಿನವ್ರಿಗೆ ಕಾಣಲ್ಲ" ಎಂದು ಅಮ್ಮ ನನ್ನ ಸೆರಗು ಎಳೆದಳು. ಕೂರಲಾಗಲಿಲ್ಲ. ಹೊರಗೆ ಬಂದು ಕೈತೊಳೆಯುವ ನಲ್ಲಿಗಳ ಹತ್ತಿರ ಅತ್ತಿಂದಿತ್ತ ಓಡಾಡತೊಡಗಿದೆ. ಬ್ಯೂರೋ ಆಂಟಿ ಹೀಗೇ ಓಡಾಡುತ್ತಿದ್ದರು...

ಹೊಸಹಳ್ಳಿ ಮೆಟ್ರೋ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಅವರ ವಧೂವರರ ಕೇಂದ್ರ. ಅವರಿಗೆ ಹೆಸರಿತ್ತು, ಬೋರ್ಡಿನ ಮೇಲೂ ಇತ್ತು, ಆದರೆ ಆ ಹೆಸರಿನಿಂದ ಯಾರೂ ಕರೆದಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಬ್ಯೂರೋ ಆಂಟಿ. ಹೊಸಹಳ್ಳಿ, ಮಾರೇನಹಳ್ಳಿ, ಕೆಂಗೇರಿಗಳು ಹೊಲಗದ್ದೆಯಾಗಿದ್ದ ಕಾಲದಿಂದ ಇಲ್ಲೇ ಇದ್ದ ಒಕ್ಕಲು ಮನೆಗಳವರು ಹೆಚ್ಚಾಗಿ ಬರುತ್ತಿದ್ದರು. ಕೆಲವರು ಈಗ ಬಾಡಿಗೆ ಮನೆಗಳ ಮಾಲೀಕರು, ಕೆಲವರು ಅಂಗಡಿಯವರು, ಮಿಕ್ಕವರು ನಮ್ಮಂತೆ ಸಂಬಳದವರು. ಬಂದವರನ್ನು ಕೂರಿಸಿ ಆಂಟಿ ನಿಂತೇ ಮಾತಾಡುವರು. ಫೋನು ಬಂದರೆ ಬಾಲ್ಕನಿಗೆ, ಅಲ್ಲಿಂದ ಮೆಟ್ಟಿಲಿಗೆ, ಮತ್ತೆ ಒಳಕ್ಕೆ. ಅವರ ಕುರ್ಚಿಯ ಮೇಲೆ ಹಾಸಿದ್ದ ಟವೆಲ್ ಎಂದೂ ಮುದುರುತ್ತಿರಲಿಲ್ಲ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಅಮ್ಮ, ಗಂಡು ಹುಡುಕಲು. ಆಗಷ್ಟೇ ನಾನಿದ್ದ ರಾಜಾಜಿನಗರದ ಕಂಪನಿ ಮುಚ್ಚಿ, ಮನೆಯಲ್ಲಿ ಕೂತಿದ್ದೆ. ಆಂಟಿ ನನ್ನ ಜಾತಕವನ್ನು ಬದಿಗಿಟ್ಟು ಕೇಳಿದರು, "ಎಕ್ಸೆಲ್ ಬರುತ್ತಾ?"

"ಬರುತ್ತೆ ಆಂಟಿ. ಆಫೀಸಲ್ಲಿ ಅದೇ ಕೆಲ್ಸ."

"ಸೋಮವಾರದಿಂದ ಬಾ. ಗಂಡು ಆಮೇಲೆ ನೋಡೋಣ."

ಅಮ್ಮ ಮೆಟ್ಟಿಲಿಳಿಯುವಾಗ ಉದ್ದಕ್ಕೂ ಗೊಣಗಿದಳು. ನಾನು ಸೋಮವಾರ ಹೋದೆ.

ಆಂಟಿ ಎಲ್ಲರ ವಿವರವನ್ನೂ ಶೀಟಿನಲ್ಲಿ ಸೇರಿಸಿಟ್ಟಿದ್ದರು, ಒಬ್ಬರಿಗೆ ಒಂದು ಸಾಲು. ಆದರೆ ಹೊಂದಿಸುವುದು ಕಣ್ಣಿನಿಂದ, ಬೆರಳಿನಿಂದ. ಅವರ ಬೆರಳು ಪರದೆಯ ಮೇಲೆ ಓಡಿ ಓಡಿ ಗಾಜು ಮಬ್ಬಾಗಿತ್ತು. ನಾನು ಮ್ಯಾಕ್ರೋ ಬರೆದುಕೊಟ್ಟೆ. ಕೈಯಲ್ಲಿ ದಿನಾ ಮಾಡುವ ಕೆಲಸವನ್ನು ಒಮ್ಮೆ ಸಾಲುಸಾಲಾಗಿ ಬರೆದಿಟ್ಟರೆ ಕಂಪ್ಯೂಟರ್ ತಾನೇ ಮಾಡಿಕೊಂಡು ಹೋಗುತ್ತದೆ, ಅಷ್ಟೇ. ವಯಸ್ಸು, ಓದು, ನಕ್ಷತ್ರ, ಮನೆದೇವರು ನೋಡಿ ಹೊಂದುವವರನ್ನು ಹೆಕ್ಕುವುದು. ಆಮೇಲೆ ಒಬ್ಬೊಬ್ಬರಿಗೂ ಫೋಟೋ ಸಮೇತ ಸ್ಲೈಡ್ ಮಾಡಿ ಇಡುವುದು. ಆಂಟಿಗೆ ಅದೂ ಸಾಲದು. "ನೀನು ಬಂದು ಬಟನ್ ಒತ್ತೋವರ್ಗೂ ನಾನು ಕಾಯ್ಬೇಕಾ? ನಾವು ಬರೋಷ್ಟರಲ್ಲಿ ಅದೇ ಓಡಿ ಮುಗ್ಸಿರ್ಬೇಕು" ಎಂದರು. ಹಾಗಾಗಿ ಕಂಪ್ಯೂಟರನ್ನು ಆರಿಸದೆ ಬಿಟ್ಟು, ಬೆಳಿಗ್ಗೆ ಎಂಟೂವರೆಗೆ ಅದೇ ಶೀಟ್ ತೆರೆದು ಮ್ಯಾಕ್ರೋ ಓಡಿಸುವಂತೆ ಸಮಯ ಕಟ್ಟಿದೆ.

ಮೊದಲನೆಯ ದಿನ ಬಂದು ನೋಡಿದರೆ ಒಂದೂ ಸ್ಲೈಡ್ ಆಗಿರಲಿಲ್ಲ. ಶುರುವಿನಲ್ಲಿ "ಓಡಿಸಲೇ?" ಎಂದು ಕೇಳುವ ಒಂದು ಚೌಕವನ್ನು ನಾನು ಇಟ್ಟಿದ್ದೆ, ಅದನ್ನು ತೆಗೆಯಲು ಮರೆತಿದ್ದೆ. ಯಾರಾದರೂ ಓಕೆ ಒತ್ತಲಿ ಎಂದು ಕಂಪ್ಯೂಟರ್ ಬೆಳಗಿನಿಂದ ಕಾದು ಕೂತಿತ್ತು. ಆಂಟಿ ನಕ್ಕು ನಕ್ಕು ಸುಸ್ತಾದರು. "ಇದಕ್ಕೂ ಹೂಂ ಅನ್ನೋಕೆ ಒಬ್ರು ಬೇಕಾ? ತೆಗಿ ಕಣೇ ಅದನ್ನ!"

ಯಾರನ್ನು ಯಾರ ಪಕ್ಕ ತರಬೇಕು, ತರಬಾರದು ಎಂಬ ನಿಯಮಗಳನ್ನೆಲ್ಲ ಹೇಳಿದವರು ಅವರೇ. ಮನೆದೇವರು ಒಂದೇ ಇರಬಾರದು. ಹುಡುಗಿಗಿಂತ ಹುಡುಗ ದೊಡ್ಡವನಿರಬೇಕು. ಮೊದಲ ಸಂಬಂಧದವರಿಗೆ ಎರಡನೇ ಸಂಬಂಧದವರನ್ನು ತೋರಿಸಬಾರದು. ಈ ಕೊನೆಯದನ್ನು ಅವರು ಬಾಲ್ಕನಿಗೆ ಹೋಗುತ್ತ, ಫೋನಿನಲ್ಲಿ ಇನ್ಯಾರಿಗೋ ಹಲೋ ಎನ್ನುತ್ತ ಹೇಳಿದ್ದರು. ಜನರಲ್ಲಿ ಇರುವುದೇ ಹಾಗೆ, ನಾನೂ ಹಾಗೇ ಬರೆದೆ. ಒಂದೇ ಒಂದು ಸಾಲು.

ಆಂಟಿಗೆ ಒಬ್ಬಳೇ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಬಸವೇಶ್ವರನಗರದ ಒಂದು ಶಾಲೆಯಲ್ಲಿ ಗಣಿತ ಟೀಚರ್. ಮದುವೆಯಾಗಿ ವರ್ಷ ತುಂಬುವುದರೊಳಗೆ ವಾಪಸು ಬಂದು, ಕೋರ್ಟಿನಲ್ಲಿ ವಿಚ್ಛೇದನವೂ ಆಗಿತ್ತು. ಆ ಗಂಡನ್ನು ಹುಡುಕಿದ್ದು ಸ್ವತಃ ಆಂಟಿಯೇ. ಆ ವಿಷಯ ಬಂದರೆ ಅವರ ನಡಿಗೆ ಇನ್ನೂ ಜೋರಾಗುತ್ತಿತ್ತು. ಮಗಳು ಬ್ಯೂರೋ ಕಡೆಗೆ ಬರುವುದು ಅಪರೂಪ. ಬಂದರೂ ಕೆಳಗೆ ಬೇಕರಿಯ ಮುಂದೆ ಸ್ಕೂಟಿ ನಿಲ್ಲಿಸಿ, ಅಮ್ಮನಿಗೆ ಊಟದ ಡಬ್ಬಿ ಕಳಿಸಿ ಹೋಗುವಳು. "ಮನೇಲೊಬ್ಳನ್ನ ಇಟ್ಕೊಂಡು ಊರಿಗೆಲ್ಲಾ ಗಂಡು ಹುಡುಕ್ತಾಳೆ" ಎಂದು ಜನ ಮೆಟ್ಟಿಲಲ್ಲಿ ಮಾತಾಡುವುದು ಮೇಲಿನವರೆಗೂ ಕೇಳಿಸುತ್ತಿತ್ತು.

ಒಂದು ದಿನ ಆಂಟಿ ನನ್ನ ಹಿಂದೆ ಬಂದು ನಿಂತರು. "ಒಂದ್ ಹೊಸ ಸಾಲು ಬರ್ಕೋ" ಎಂದವರೇ ನಡೆದಾಡುತ್ತ ಹೇಳತೊಡಗಿದರು. ಹುಟ್ಟಿದ ದಿನ, ನಕ್ಷತ್ರ, ಎತ್ತರ, ಎಂಎಸ್ಸಿ. ಕೈಯಲ್ಲಿ ಚೀಟಿ ಇರಲಿಲ್ಲ. ಹೆಸರಿನ ಜಾಗಕ್ಕೆ ಬಂದಾಗ ನಿಂತರು. "ನನ್ನ ಮಗಳು ಕಣೇ" ಎಂದರು. ಫೋನಿನಿಂದ ಫೋಟೋ ಕಳಿಸಿದರು. ಹಳದಿ ಚೂಡಿದಾರ, ಕ್ಲಾಸಿನ ಬೋರ್ಡಿನ ಮುಂದೆ ನಿಂತು ಪಕ್ಕಕ್ಕೆ ನೋಡಿ ನಗುತ್ತಿರುವುದು.

"ಅವ್ರಿಗೆ ಗೊತ್ತಾ ಆಂಟಿ?"

"ಹೇಳ್ತೀನಿ. ಮೊದ್ಲು ಯಾರಾದ್ರೂ ಸಿಗ್ಲಿ."

ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಬಂದು ಬಾಗಿಲು ತೆಗೆದಿದ್ದರು. ಎಲ್ಲರ ಸ್ಲೈಡೂ ಆಗಿತ್ತು. ಮಗಳ ಸ್ಲೈಡಿನಲ್ಲಿ ಎಡಗಡೆ ಅವಳ ಫೋಟೋ, ಬಲಗಡೆ ಬರೀ ಬಿಳಿ. "ಎಲ್ಲೋ ತಪ್ಪಿದೆ, ಇನ್ನೊಂದ್ಸಲ ಓಡ್ಸು" ಎಂದರು. ಓಡಿಸಿದೆ. ಬಿಳಿಯೇ. ಶೀಟಿನಲ್ಲಿ ಎರಡನೇ ಸಂಬಂಧದ ಗಂಡುಗಳೇ ಕಡಿಮೆ. ಇದ್ದವರಲ್ಲೂ ಕೆಲವರದು ಇವರದೇ ಮನೆದೇವರು, ಮಿಕ್ಕವರು ಆಂಟಿಯ ವಯಸ್ಸಿಗೆ ಹತ್ತಿರದವರು.

"ತಪ್ಪೇನಿಲ್ಲ ಆಂಟಿ. ಮೊದಲ್ನೇ ಸಂಬಂಧದವ್ರಿಗೆ ತೋರಿಸ್ಬಾರ್ದು ಅಂತ ರೂಲ್ ಇದೆಯಲ್ಲ..."

"ಯಾರ್ ಹೇಳಿದ್ದು ಅದನ್ನ?" ಎಂದು ರೇಗಿದರು. ಮರುಕ್ಷಣವೇ ಅವರ ಮುಖ ಬದಲಾಯಿತು. ಕಿಟಕಿಯ ಹತ್ತಿರ ಹೋದರು, ಬಂದರು, ಮತ್ತೆ ಹೋದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತರು. "ಎಲ್ಲಿದೆ ಅದು? ತೋರ್ಸು."

ತೋರಿಸಿದೆ. ಇಂಗ್ಲಿಷಿನ ಆ ಒಂದು ಸಾಲನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಮಗಳಿಗೆ ಮಾತ್ರ ತೆಗೀಲಾ ಆಂಟಿ?"

"ಅವ್ಳೊಬ್ಳಿಗೆ ಮಾತ್ರ ಅಂದ್ರೆ ನಾಳೆ ಯಾರ ಮುಖಾನೂ ನೋಡಕ್ಕಾಗಲ್ಲ ನಂಗೆ. ಎಲ್ಲರ್ಗೂ ತೆಗಿ." ನಾನು ಕೈಯಿಡುವ ಮೊದಲೇ ಅವರೇ ಬೆರಳು ಚಾಚಿ ಅಳಿಸುವ ಕೀಲಿ ಒತ್ತಿದರು. ಅದನ್ನು ಬಿಡಲೇ ಇಲ್ಲ. ಪಕ್ಕದ ಸಾಲಿನ ಅರ್ಧವೂ ಹೋಯಿತು. ಅದನ್ನು ನಾನು ಮತ್ತೆ ಬರೆಯಬೇಕಾಯಿತು.

ಆ ಭಾನುವಾರವೇ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ವಧೂವರರ ಸಮಾವೇಶ. ಹುಡುಗರು, ಹುಡುಗಿಯರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಪರಿಚಯ ಹೇಳಿಕೊಳ್ಳುವುದು. ಅವರ ಹಿಂದಿನ ಪರದೆಯ ಮೇಲೆ ಅವರ ಸ್ಲೈಡ್, ಪಕ್ಕದಲ್ಲಿ ಅವರಿಗೆ ಹೊಂದುವವರ ಸಣ್ಣ ಫೋಟೋಗಳು. ಸ್ಲೈಡುಗಳು ಇಂತಿಷ್ಟು ಹೊತ್ತಿಗೆ ತಾವೇ ಮುಂದೆ ಸರಿಯುವ ಹಾಗೆ ಮಾಡಿದ್ದೆ. ಬಾಡಿಗೆ ಪ್ರೊಜೆಕ್ಟರ್, ಬಿಸಿ ಧೂಳಿನ ವಾಸನೆ, ಹೂವಿನ ವಾಸನೆ, ಅಡುಗೆ ಮನೆಯಿಂದ ಒಗ್ಗರಣೆ... ಮಗಳಿಗೆ ವಿಷಯ ಹೇಳಿದಿರಾ ಎಂದು ಬೆಳಿಗ್ಗೆ ಕೇಳಿದ್ದೆ. "ಇವತ್ತು ಮುಗೀಲಿ" ಎಂದಿದ್ದರು.

ಮೂರನೆಯವನೋ ನಾಲ್ಕನೆಯವನೋ, ಮಾರೇನಹಳ್ಳಿಯ ಹುಡುಗನೊಬ್ಬ ಮೈಕ್ ಹಿಡಿದಿದ್ದ. ಅವನ ಹಿಂದೆ ಪರದೆಯ ಮೇಲೆ ಹಳದಿ ಚೂಡಿದಾರ ಬಂತು. ಕೆಳಗೆ "ಎರಡನೇ ಸಂಬಂಧ" ಎಂಬ ಅಕ್ಷರಗಳು. ಮುಂದಿನ ಸಾಲಿನಲ್ಲಿದ್ದ ಅವನ ತಾಯಿ ಎದ್ದು ನಿಂತರು.

"ಇದು ನಿಮ್ಮ ಮಗಳಲ್ವಾ?"

"ಹೌದು."

"ಇದಕ್ಕೇನ್ರೀ ನಮ್ಮನ್ನೆಲ್ಲಾ ಕರ್ಸಿದ್ದು? ಬಿಟ್ಟು ಬಂದೋಳನ್ನ ನಮ್ ಹುಡುಗನ ತಲೆಗೆ ಕಟ್ಟೋಕಾ?"

ಹುಡುಗ ಮೈಕ್ ಕೆಳಗಿಟ್ಟ. ಸ್ಲೈಡ್ ತಾನೇ ಸರಿಯಿತು. ಮುಂದಿನ ಹುಡುಗನ ಪಕ್ಕದಲ್ಲೂ ಅವಳೇ. ಅದರ ಮುಂದಿನವನಿಗೂ ಅವಳೇ. ಒಂದೊಂದು ಸಲ ಅವಳು ಬಂದಾಗಲೂ ಹಾಲಿನಲ್ಲಿ ಗುಜುಗುಜು ಏರುತ್ತಿತ್ತು. ಯಾರೋ ನಕ್ಕರು, ಯಾರೋ ಫೋನು ಎತ್ತಿ ಹಿಡಿದರು. ಓದು, ವಯಸ್ಸು, ಎತ್ತರ ಎಲ್ಲವೂ ಅಷ್ಟು ಜನಕ್ಕೆ ಹೊಂದುತ್ತಿತ್ತು. ಅಡ್ಡ ಇದ್ದದ್ದು ನಾವು ಬರೆದ ಆ ಒಂದು ಸಾಲು ಮಾತ್ರ. ನಾನು ಕುರ್ಚಿಗಳ ನಡುವೆ ಲ್ಯಾಪ್‌ಟಾಪಿನ ಕಡೆಗೆ ಓಡಿದೆ. ಅಷ್ಟರಲ್ಲಿ ಆಂಟಿ ಮೈಕ್ ಕೈಗೆತ್ತಿಕೊಂಡಿದ್ದರು.

"ನಿಲ್ಲಿಸ್ಬೇಡ ಕಣೇ. ಓಡ್ಲಿ ಬಿಡು."

ಆಮೇಲೆ ಜನರ ಕಡೆ ತಿರುಗಿದರು. ಅವರ ಕಾಲು ನಿಂತಲ್ಲೇ ನಿಂತಿತ್ತು. "ಇವ್ಳು ನನ್ನ ಮಗಳು. ಇವ್ಳ ಹಾಗೆ ಇನ್ನೂ ಕೆಲವ್ರು ಬರ್ತಾರೆ, ನೋಡಿ. ಬೇಡಾಂದ್ರೆ ಬೇಡ ಅನ್ನಿ. ಆದ್ರೆ ನೋಡಿ ಬೇಡ ಅನ್ನಿ."

ಅರ್ಧ ಜನ ಊಟಕ್ಕೂ ನಿಲ್ಲದೆ ಹೋದರು.

ಪರದೆ ಮಡಿಸುತ್ತಿದ್ದಾಗ ಮಗಳು ಬಂದಳು. ಯಾರೋ ಹಾಲಿನಿಂದಲೇ ವಿಡಿಯೋ ಕಳಿಸಿದ್ದರಂತೆ. ಹೆಲ್ಮೆಟ್ ಕೈಯಲ್ಲೇ ಇತ್ತು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಲಿಲ್ಲ.

"ಊರೋರಿಗೆಲ್ಲಾ ತೋರಿಸ್ದೆ. ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾಮ್ಮ?"

"ಕೇಳಿದ್ರೆ ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

ಆಂಟಿ ಮತ್ತೆ ಪರದೆಗೆ ಕೈ ಹಾಕಿದರು. ಮಗಳು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಹೆಲ್ಮೆಟ್ಟನ್ನು ಕುರ್ಚಿಯ ಮೇಲಿಟ್ಟು, ಪರದೆಯ ಇನ್ನೊಂದು ತುದಿ ಹಿಡಿದುಕೊಂಡಳು. ಅಮ್ಮ ಮಗಳು ಸೇರಿ ಅದನ್ನು ಸುತ್ತಿದರು. ಸುತ್ತುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಾರನೆಯ ದಿನ ಆಂಟಿ ಮಗಳ ಸಾಲನ್ನು ಶೀಟಿನಿಂದ ತೆಗೆದುಹಾಕಿದರು. ನಿಯಮವನ್ನು ಮಾತ್ರ ವಾಪಸು ಹಾಕಿಸಲಿಲ್ಲ. ಹಳಬರು ಕೆಲವರು ಫೋಟೋ, ಜಾತಕ ವಾಪಸು ಕೇಳಿಕೊಂಡು ಬಂದರು. ಆಂಟಿ ವಾದ ಮಾಡದೆ ಕೊಟ್ಟರು. ಸಮಾವೇಶಗಳು ನಿಂತವು. ಆದರೆ ಒಂದು ಸಂಜೆ ಕೆಂಗೇರಿಯಿಂದ ಒಬ್ಬರು ಬಂದು ಬೇಕರಿಯ ಮುಂದೆಯೇ ನಿಂತಿದ್ದರು, ಮೇಲೆ ಹತ್ತಲು ಧೈರ್ಯ ಸಾಲದೆ. ಅವರ ಮಗಳು ವಿಧವೆ, ಒಂದು ಮಗುವೂ ಇತ್ತು. ಆಂಟಿ ಬಾಲ್ಕನಿಯಿಂದಲೇ "ಬನ್ನಿ ಅಣ್ಣ, ಮೇಲ್ ಬನ್ನಿ" ಎಂದು ಕೂಗಿ ಕರೆದರು. ಆ ಹುಡುಗಿಯ ಮದುವೆ ಆಯಿತು. ಹುಡುಗನಿಗೆ ಮೊದಲ ಮದುವೆ. ತಾಳಿ ಕಟ್ಟುವ ಹೊತ್ತಿನಲ್ಲೂ ಆಂಟಿ ಮಂಟಪದ ಹಿಂದೆ ಓಡಾಡುತ್ತಲೇ ಇದ್ದರು, ಯಾರಾದರೂ ಬಂದು ನಿಲ್ಲಿಸಿಬಿಡುತ್ತಾರೋ ಎಂಬಂತೆ. ಆ ಮನೆಯವರು ಆಮೇಲೆ ಅವಳ ತಂಗಿಯ ವಿವರವನ್ನೂ ತಂದುಕೊಟ್ಟರು.

ಆಮೇಲಿನ ವರ್ಷ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡು ರಾಜಾಜಿನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ಮಲಗಿರಬೇಕು, ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಫೋನು. ಹಲೋ ಇಲ್ಲ, ಏನಿಲ್ಲ. "ಓಡ್ತಾ? ಕೆಂಗೇರಿ ಹುಡ್ಗಿ ತಂಗಿಗೆ ಯಾರಾದ್ರೂ ಬಂದ್ರಾ?" ಬಂದಿದ್ದರೆ ಅವರ ದನಿಗೆ ಜೀವ ಬರುತ್ತಿತ್ತು. ಬರದಿದ್ದರೆ, "ನಾಳೆ ಬರ್ತಾರೆ ಬಿಡು" ಎಂದು ನನಗೇ ಸಮಾಧಾನ ಹೇಳುವರು. ಮನೆಗೆ ಕಳಿಸುತ್ತಾರೆ ಎಂದಿದ್ದ ವಾರದಲ್ಲೇ ಒಂದು ಮಧ್ಯಾಹ್ನ ಮಗಳು ಫೋನ್ ಮಾಡಿದಳು...

ತಿಥಿ ಕಾರ್ಯಗಳೆಲ್ಲ ಮುಗಿದ ಮೇಲೆ ಅವಳು ಬ್ಯೂರೋಗೆ ಬಂದಳು, ಮೆಟ್ಟಿಲು ಹತ್ತಿ. ನೋಂದಾಯಿಸಿದವರಿಗೆಲ್ಲ ಇಬ್ಬರೂ ಕೂತು ಫೋನ್ ಮಾಡಿ ವಿಷಯ ತಿಳಿಸಿದೆವು. ಮ್ಯಾಕ್ರೋದ ಬೆಳಗಿನ ಓಟವನ್ನು ನಿಲ್ಲಿಸುವಾಗ ಅವಳು, "ಒಂದ್ನಿಮಿಷ" ಎಂದು ನನ್ನ ಕೈ ತಡೆದು, ಆ ದಿನ ಯಾರಿಗೆ ಯಾರು ಬಂದಿದ್ದಾರೆಂದು ಒಂದೊಂದೇ ಸ್ಲೈಡ್ ನೋಡಿದಳು. ಕೆಂಗೇರಿ ಹುಡುಗಿಯ ತಂಗಿಗೆ ಒಬ್ಬರು ಸಿಕ್ಕಿದ್ದರು. ಆ ಮನೆಗೆ ಅವಳೇ ಫೋನ್ ಮಾಡಿದಳು.

ಈಗ ಆ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಇದೆ. ನಾನು ಬೇರೆ ಕಡೆ ಕೆಲಸದಲ್ಲಿದ್ದೇನೆ. ಅಲ್ಲೂ ಶೀಟು, ಅಲ್ಲೂ ಮ್ಯಾಕ್ರೋ, ಆದರೆ ಅದು ಓಡಿತೇ ಎಂದು ಉಸಿರು ಬಿಗಿಹಿಡಿದು ಕೇಳುವವರು ಯಾರೂ ಇಲ್ಲ.

ನಾಮಕರಣದ ದಿನ ನಲ್ಲಿಗಳ ಹತ್ತಿರ ನಿಂತೇ ಆಂಟಿಯ ಮಗಳಿಗೆ ಫೋನ್ ಮಾಡಿದೆ. ನಿಮ್ಮಮ್ಮ ನೆನಪಾದರು ಎಂದೆ.

"ಅಮ್ಮ ಇದ್ದಾಗ ಫೋನ್ ಬಂದ್ರೆ ಸಾಕು, ಮತ್ಯಾವ ಗಂಡೋ ಅಂತ ಮೈಯೆಲ್ಲಾ ಉರೀತಿತ್ತು ಕಣೇ. ಈಗ ಯಾರೂ ಏನೂ ಕೇಳಲ್ಲ. ನೆಮ್ಮದಿಯಾಗಿರುತ್ತೆ ಅನ್ಕೊಂಡಿದ್ದೆ..."

ಒಳಗೆ ಎಲೆ ಹಾಕಿ ಊಟಕ್ಕೆ ಕರೆಯುತ್ತಿದ್ದರು. ಇಬ್ಬರಲ್ಲಿ ಯಾರೂ ಫೋನ್ ಇಡಲಿಲ್ಲ.