ಮೂರನೇ ಸಿಲಿಂಡರಿನ ಉಸಿರು

ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಎಲ್ಲಿ ಬಂದರೂ ನನಗೆ ನಾಯಂಡಹಳ್ಳಿಯ ನಮ್ಮ ಮನೆ ನೆನಪಾಗುತ್ತದೆ. ಮುಂದೆ ಅಪ್ಪ, ಚಿಕ್ಕಪ್ಪ ಸೇರಿ ನಡೆಸುತ್ತಿದ್ದ ಗ್ಯಾರೇಜು, ಹಿಂದೆ ಎರಡು ಕೋಣೆ, ನಡುವೆ ಒಂದು ತಗಡಿನ ಬಾಗಿಲು. ಅನ್ನಕ್ಕೂ ಆ ವಾಸನೆ ಹತ್ತಿರುತ್ತಿತ್ತು. ಅದಿಲ್ಲದ ಊಟ ನೆಂಟರ ಮನೆಯದು ಎಂದೇ ತಿಳಿದಿದ್ದೆ. ಅಮ್ಮನನ್ನು ನಾನು ಕಂಡಿಲ್ಲ. ನನ್ನನ್ನು ಸಾಕಿದವರು ಚಿಕ್ಕಮ್ಮ ಸರೋಜ. ಈಗ ಅವರೂ ಇಲ್ಲ, ಆ ಮನೆಯೂ ಇಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆ. ನನಗೆ ಹತ್ತು ವರ್ಷ. ಉಬ್ಬಸದಿಂದ ನರಳುತ್ತಿದ್ದ ಚಿಕ್ಕಪ್ಪ ತೀರಿಕೊಂಡು ತಿಂಗಳಾಗಿತ್ತು. ತಮಗೆಂದು ಕೊಂಡಿದ್ದ ಹಳೆಯ ಅಂಬಾಸಿಡರ್‌ನ ಎಂಜಿನ್ ಬಿಚ್ಚಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ, ಕೊನೆಯ ವಾರ ಏದುಸಿರಿನಲ್ಲೇ ವಾಲ್ವುಗಳನ್ನೂ ಕೂರಿಸಿದ್ದರು. ಉಳಿದದ್ದನ್ನು ಅಪ್ಪ ಮುಗಿಸಿದರು. ಆದರೂ ಎಂಜಿನ್ ಕುಂಟುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕಮ್ಮ ಸ್ಟಿಯರಿಂಗ್ ಮುಂದೆ ಕೂತು ಕೀ ತಿರುಗಿಸಿದರು. ಅಪ್ಪ ಒಂದೊಂದೇ ಪ್ಲಗ್ಗಿನ ತೂತಿಗೆ ಒತ್ತಡ ಅಳೆಯುವ ಗೇಜ್ ಒತ್ತಿ ಹಿಡಿದರು. ಒಂದು, ಎರಡು, ನಾಲ್ಕನೇ ಸಿಲಿಂಡರುಗಳಲ್ಲಿ ಒತ್ತಡ ಸರಿಯಿತ್ತು. ಮೂರನೆಯದರಲ್ಲಿ ಮುಳ್ಳು ಅರ್ಧಕ್ಕೇ ನಿಂತಿತು. ಅದರೊಳಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಸೋರುತ್ತಿದ್ದರೆ ಈಗ ಮುಳ್ಳು ಏರಬೇಕಿತ್ತು. ಏರಲಿಲ್ಲ.

"ರಿಂಗಲ್ಲ. ಗಾಳಿ ವಾಲ್ವಲ್ಲಿ ಹೋಗ್ತಿದೆ," ಎಂದು ಕಂಪ್ರೆಸರ್ ಪೈಪನ್ನು ಆ ಸಿಲಿಂಡರಿಗೆ ಜೋಡಿಸಿದರು. "ಸರೋಜಮ್ಮ, ಸೈಲೆನ್ಸರ್ ಹತ್ರ ಒಸಿ ಕೇಳಮ್ಮ."

ಚಿಕ್ಕಮ್ಮ ಬಗ್ಗಿ ಕಿವಿಯಿಟ್ಟರು. "ಭಾವ, ಇದು ಅವರು."

ನಾನೂ ಹೋಗಿ ಕೇಳಿದೆ. ಸಣ್ಣಗೆ ಸುಯ್ಯೆನ್ನುವ ಗಾಳಿ, ತುದಿಯಲ್ಲಿ ಒಂದು ಸಿಳ್ಳು; ವರ್ಷಗಟ್ಟಲೆ ಗೋಡೆಯಾಚೆಯಿಂದ ಕೇಳಿದ್ದ ಚಿಕ್ಕಪ್ಪನ ಎದೆಯದೇ ಸದ್ದು. ಅಪ್ಪ ತಟ್ಟನೆ ಪೈಪ್ ಕಿತ್ತರು. ಆಮೇಲೂ ಅದು ಒಂದು ಸಲ ಬಂತು. ತಡೆದು, ಇನ್ನೊಂದು ಸಲ. ಒಳಗೆ ಉಳಿದ ಗಾಳಿ ಎಂದು ಅಪ್ಪ ಹೇಳಬಹುದಿತ್ತು, ಹೇಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದಾಗ ತಿಳಿಯಿತು: ಹೊಗೆ ಹೊರಬಿಡುವ ವಾಲ್ವಿಗೆ ಚಿಕ್ಕಪ್ಪ ಬಿಡಬೇಕಾದ ಕೂದಲೆಳೆಯಷ್ಟು ಗ್ಯಾಪ್ ಬಿಟ್ಟೇ ಇರಲಿಲ್ಲ, ಹಾಗಾಗಿ ಅದು ಪೂರ್ತಿ ಮುಚ್ಚುತ್ತಿರಲಿಲ್ಲ. "ಇಂಥ ತಪ್ಪು ಮಾಡೋನೇ ಅಲ್ಲ ಅವ್ನು," ಎಂದರು ಅಪ್ಪ, ತಮಗೆ ತಾವೇ ಎಂಬಂತೆ.

"ಹಾಗೇ ಬಿಟ್ಬಿಡಿ ಭಾವ. ನಾನು ದಿನಾ ಕೇಳ್ಕೋತೀನಿ."

"ವಾಲ್ವ್ ಸುಟ್ಟೋಗತ್ತೆ ಕಣಮ್ಮ."

ಚಿಕ್ಕಮ್ಮ ಕಾರಿಗೆ ಬೆನ್ನು ಮಾಡಿದರು. ಆಮೇಲೆ ತಾವೇ ಸ್ಪ್ಯಾನರ್ ತಂದು ಅಪ್ಪನ ಕೈಗಿಟ್ಟರು.

ಸಂಜೆ ಮೂವರೂ ಕಾರಿನಲ್ಲಿ ಕೆಂಗೇರಿಯ ಕಡೆ ಹೊರಟೆವು. ಎಂಜಿನ್ ನುಣ್ಣಗೆ ಓಡುತ್ತಿತ್ತು. ಚಿಕ್ಕಮ್ಮ ಕಣ್ಣು ಮುಚ್ಚಿ ಆಲಿಸುತ್ತಿದ್ದರು.

"ಹೇಗಿದೆ ಸರೋಜಮ್ಮ?"

"ಚೆನ್ನಾಗಿದೆ ಭಾವ. ಒಳಗೆ ಯಾರೂ ಇಲ್ಲ."

ಅಪ್ಪ ಕಾರನ್ನು ಹುಣಸೇಮರದ ಕೆಳಗೆ ನಿಲ್ಲಿಸಿದರು. ತಮ್ಮ ತೀರಿಕೊಂಡ ದಿನವೂ ಅಳದಿದ್ದವರು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತರು. ಎಂಜಿನ್ ಆರಿಸಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಕತ್ತಲಾಗುವವರೆಗೂ ಅದು ಮೆಲ್ಲಗೆ, ಒಂದೇ ಸಮನೆ ಓಡುತ್ತಿತ್ತು.