ಎರಡು ಕಾರುಗಳು ಮತ್ತು ನನ್ನ ಹೆಬ್ಬೆರಳು

ಇಪ್ಪತ್ತೈದು ದಿನಗಳ ಕಾಲ, ವಾರಕ್ಕೆ ಐದು ದಿನದಂತೆ, ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ನನ್ನ ಹೆಂಡತಿ ಬೆಳಗಾವಿಯ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹಾಜರಿರಬೇಕಾಗಿತ್ತು. ಎದೆಯ ಗಂಟನ್ನು ಕೊಯ್ದು ತೆಗೆದು ಆರು ವಾರವಾಗಿತ್ತು. ಇನ್ನು ಅಲ್ಲಿಗೆ ಕಿರಣ ಕೊಡಬೇಕು, ನಡುವೆ ಒಂದು ದಿನವೂ ತಪ್ಪಿಸಬಾರದು ಎಂದು ವೈದ್ಯರು ಹೇಳಿದ್ದರು. ನಾವಿರುವುದು ಖಾನಾಪುರದಲ್ಲಿ. ಬೆಳಗಾವಿಯ ಶಿವಬಸವ ನಗರದಲ್ಲಿ ಅವಳ ತಂಗಿಯ ಮನೆಯಿದೆ. ಐದು ವಾರ ಇಲ್ಲಿಯೇ ಇದ್ದುಬಿಡಿ ಎಂದು ತಂಗಿ ಮನಸಾರೆ ಕರೆದಳು. ಹೆಂಡತಿ ಒಪ್ಪಲಿಲ್ಲ.

"ಹಗಲ ಹೊತ್ತಿನ್ಯಾಗ ಮಂದಿ ಮುಂದ ಮೈ ತೆರದು ಮಲಗೂದು ಇದ್ದದ್ದ ಐತಿ. ರಾತ್ರಿಯಾದ್ರೂ ನನ್ನ ಮನ್ಯಾಗ, ನನ್ನ ಹಾಸಿಗಿ ಮ್ಯಾಲ ಮಲಗ್ತೀನ್ರಿ. ಇಷ್ಟು ನಡಸಿ ಕೊಡ್ರಿ" ಎಂದಳು.

ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಬಾಯಿಬಿಟ್ಟು ಕೇಳಿದ ಸಂದರ್ಭಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಡೆಸಿಕೊಡುವುದಾಗಿ ಹೇಳಿದೆ. ಬಸ್ಸಿನ ನೂಕುನುಗ್ಗಲು ಗಾಯಕ್ಕೆ ಒಳ್ಳೆಯದಲ್ಲ ಎಂದಿದ್ದರು. ದಿನವೂ ಬಾಡಿಗೆಯ ಗಾಡಿ ನಮಗೆ ನಿಲುಕುವಂಥದ್ದಲ್ಲ, ಮುಂದೆ ವರ್ಷಗಟ್ಟಲೆ ತಪಾಸಣೆಗೆ ಓಡಾಡುವುದೂ ಇತ್ತು. ಬೆಳಗಾವಿಯ ಶಹಾಪುರದಲ್ಲಿ ಉಳಿದಿದ್ದ ನನ್ನ ಕೊನೆಯ ಎರಡು ಮಗ್ಗಗಳನ್ನು ಮಾರಿದ್ದು, ಗಂಟಿನಲ್ಲಿದ್ದದ್ದು ಎಲ್ಲ ಕೂಡಿ ಮೂರು ಲಕ್ಷವಾಯಿತು. ಅಷ್ಟರಲ್ಲಿ ಒಂದು ಹಳೆಯ ಕಾರು ಕೊಳ್ಳುವುದು ಎಂದು ನಿಶ್ಚಯವಾಯಿತು.

ನಾನು ಜಾಬರ. ಎಂದರೆ ವಿದ್ಯುತ್ ಮಗ್ಗಗಳನ್ನು ಕೂಡಿಸುವವನು, ಕೆಟ್ಟರೆ ಸರಿಪಡಿಸುವವನು. ಶಹಾಪುರದ ಮಗ್ಗದ ಖೋಲಿಗಳಲ್ಲಿ ನಲವತ್ತು ವರ್ಷ ಆ ಕೆಲಸ ಮಾಡಿದ್ದೇನೆ. ಸಾಲೆ ಐದನೆಯ ಇಯತ್ತೆಗೇ ಮುಗಿಯಿತು. ಉಳಿದದ್ದನ್ನು ರದ್ದಿ ಅಂಗಡಿಯ ಪುಸ್ತಕಗಳಿಂದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಕಲಿತೆ. ಹಾಗೆ ಕಲಿತವನಿಗೆ ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಳ್ಳುವ ರೂಢಿ ಬರುವುದಿಲ್ಲ. ನನ್ನ ಮೊದಲ ಮಾಲಕರು ಬಂದವರಿಗೆಲ್ಲ ತಮ್ಮ ಮಗ್ಗಗಳು ವಿಲಾಯತಿಯವು ಎಂದು ಹೇಳುತ್ತಿದ್ದರು. ಒಂದು ಮಧ್ಯಾಹ್ನ ಚೌಕಟ್ಟಿನ ಬಣ್ಣವನ್ನು ಕೆರೆದು ನೋಡಿದೆ. ಅಡಿಯಲ್ಲಿ ಸೂರತ್ತಿನ ಎರಕದ ಕಾರಖಾನೆಯೊಂದರ ಮುದ್ರೆಯಿತ್ತು. ಅಂದಿನಿಂದ ಬಣ್ಣ ಕೆರೆಯದೆ ನಾನು ಏನನ್ನೂ ನಂಬಿದವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ನಮ್ಮ ಹಣಕ್ಕೆ ಹೊಂದುವ ಎರಡು ಕಾರುಗಳು ಕಣ್ಣಿಗೆ ಬಿದ್ದವು. ಎರಡೂ ಸಣ್ಣ ಡೀಸೆಲ್ ಕಾರುಗಳು, ಎರಡಕ್ಕೂ ಟರ್ಬೊ ಇತ್ತು. ಎಂಜಿನ್ನು ಹೊರಗೆ ಉಗುಳುವ ಹೊಗೆಯಿಂದಲೇ ಒಂದು ದಂಡದ ತುದಿಯಲ್ಲಿರುವ ಪುಟ್ಟ ಗಾಲಿ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಗಾಲಿ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಇಷ್ಟೇ ಟರ್ಬೊ. ಅದು ಕೆಟ್ಟರೆ ಖರ್ಚು ದೊಡ್ಡದು ಎಂದು ಓದಿದ್ದರಿಂದ, ಕಾರನ್ನು ಆರಿಸುವುದೆಂದರೆ ಆ ದಂಡವನ್ನು ಆರಿಸುವುದು ಎಂದು ತೀರ್ಮಾನಿಸಿಕೊಂಡೆ.

ಮೊದಲನೆಯದು ಬಿಳಿಯ ಕಾರು. ಶಹಾಪುರದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಹಳೆಯ ಗೆಳೆಯನ ಹತ್ತಿರ ಮಾರಾಟಕ್ಕೆ ಬಂದಿತ್ತು. ನಮ್ಮ ಖೋಲಿಯ ಟೆಂಪೊವನ್ನು ಎಷ್ಟೋ ವರ್ಷ ನಡೆಸಿಕೊಟ್ಟವನು ಅವನೇ. ಮನೆಯಲ್ಲಿ ದಖನಿ, ಗಿರಾಕಿಗಳೊಂದಿಗೆ ಮರಾಠಿ, ನನ್ನೊಂದಿಗೆ ಕನ್ನಡ. ನಾನು ಅವನನ್ನು ಉಸ್ತಾದ ಎನ್ನುತ್ತೇನೆ. ಬಿಳಿಯ ಕಾರು ಗೋವಾಕ್ಕೂ ಹುಬ್ಬಳ್ಳಿಗೂ ಬಹಳ ಓಡಿದ್ದು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಗಾಳಿಯ ಕೊಳವೆಯನ್ನು ಬಿಚ್ಚಿಸಿ, ಒಳಗೆ ಎರಡು ಬೆರಳು ಹಾಕಿ ಗಾಲಿಯ ತುದಿಯನ್ನು ಹಿಡಿದೆ. ಮಗ್ಗದ ಬೇರಿಂಗನ್ನು ನಾನು ಯಾವತ್ತೂ ಹೆಬ್ಬೆರಳಿನಿಂದಲೇ ನೋಡಿದವನು. ದಂಡ ಕೂದಲೆಳೆಯಷ್ಟು ಅಳ್ಳಾಡಿದರೂ ನಾಳೆ ಬಟ್ಟೆಯ ಮೇಲೆ ಕಲೆ ಬೀಳುತ್ತದೆ. ಇಲ್ಲಿ ದಂಡ ಅತ್ತಿತ್ತ ಅಳ್ಳಾಡಿತು.

"ಉಸ್ತಾದ, ಇದು ಅಳ್ಳಾಡತೈತಿ."

"ಅಳ್ಳಾಡಬೇಕ್ರಿ ಜಾಬರ ಸಾಹೇಬ್ರ. ಎಣ್ಣಿ ಮ್ಯಾಲ ತೇಲೂ ದಂಡ ಅದು. ಗಾಡಿ ಚಾಲೂ ಆತಂದ್ರ ಎಣ್ಣಿ ತುಂಬಿ ತಾನ ನೆಟ್ಟಗ ನಿಂದರ್ತದ. ಮುಂದ ಹಿಂದ ಜಗ್ಗಿ ನೋಡ್ರಿ, ಹಂಗ ಸರದ್ರ ಖರಾಬ್. ಬಾಜೂಕ ಅಳ್ಳಾಡಿದ್ರ ಏನೂ ಆಗೂದಿಲ್ಲ."

"ನಲವತ್ತ ವರ್ಷ ಬೇರಿಂಗ್ ನೋಡೇನಿ. ಅಳ್ಳಾಡೂ ದಂಡ ಚಲೋ ಅಂದಾವ ನೀನ ಮೊದಲ್ನೇದಾವ."

"ನಿಮ್ಮ ಮಗ್ಗ ನಿಮಿಷಕ್ಕ ನೂರು ನೂರಾಐವತ್ತು ಸಲ ಬಡಿತದ. ಇದು ಲಕ್ಷ ಸಲ ತಿರಗ್ತದ್ರಿ."

"ಲಕ್ಷ ನೀ ಎಣಿಸಿ ನೋಡಿಯೇನು?"

"ನೀವ ಎಣಸ್ರಿ. ಅಷ್ಟೊತ್ತಿಗೆ ನಾ ಚಾ ತರಸ್ತೀನಿ" ಎಂದು ಅವನು ನಕ್ಕ.

ನಾನು ನಗಲಿಲ್ಲ. "ಇದನ್ನ ಮಾರಿದ್ರ ನಿನಗ ದಲಾಲಿ ಸಿಗತೈತೋ ಇಲ್ಲೋ?" ಎಂದು ಕೇಳಿದೆ. ಅವನ ನಗೆ ನಿಂತಿತು. ಕೊಳವೆಯನ್ನು ಮರಳಿ ಕೂಡಿಸಿ, ತಿರುಪನ್ನು ಅಗತ್ಯಕ್ಕಿಂತ ಒಂದು ಸುತ್ತು ಹೆಚ್ಚು ಬಿಗಿದ. ಚಹಾ ಬಂತು, ಇಬ್ಬರೂ ಕುಡಿದೆವು. ಬಿಳಿಯ ಕಾರನ್ನು ಅಲ್ಲಿಯೇ ಬಿಟ್ಟು ಬಂದೆ.

ಎರಡನೆಯದು ನಂದಗಡದ ಅಕ್ಕಿ ವ್ಯಾಪಾರಿಯೊಬ್ಬನ ಕೆಂಪು ಕಾರು. ವರ್ಷ ಅಷ್ಟೇ ಆಗಿದ್ದರೂ ಮೀಟರು ಬಿಳಿಯದರ ಕಾಲು ಭಾಗವನ್ನು ಮಾತ್ರ ತೋರಿಸುತ್ತಿತ್ತು. ನಾನು ಸಹಜವಾಗಿಯೇ ಸಂಶಯಪಟ್ಟೆ. ಪೆಡಲುಗಳ ರಬ್ಬರನ್ನು ನೋಡಿದೆ, ಆಸನದ ಅಂಚನ್ನು ನೋಡಿದೆ, ಸರ್ವಿಸಿನ ಚೀಟಿಗಳನ್ನು ತರಿಸಿ ಒಂದಕ್ಕೊಂದು ತಾಳೆ ನೋಡಿದೆ. ಮೀಟರು ಸುಳ್ಳು ಹೇಳಿರಲಿಲ್ಲ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಸಂತೆಗೆ ಬಿಟ್ಟರೆ ಕಾರು ಎಲ್ಲಿಗೂ ಹೋದದ್ದಲ್ಲ.

"ಎಷ್ಟ ಬೇಕಾದ್ರೂ ನೋಡ್ರಿ, ಅಜ್ಜಾರ" ಎಂದು ವ್ಯಾಪಾರಿ ನನ್ನ ಹಿಂದೆಯೇ ಸುತ್ತುತ್ತಿದ್ದ. "ಕಟ್ಕೊಂಡ ಹೆಣ್ತೀನ್ನ ಸೈತ ಇಷ್ಟ ನೋಡಿಲ್ಲ ನಾ. ಒಂದ ಹನಿ ಡೀಸೆಲ್ ದಂಡ ಮಾಡಿದಾವ ಅಲ್ರಿ. ಭರ್ರಂತ ಬಂದು, ಗೇಟ್ ಇನ್ನೂ ಮುಂದ ಇದ್ದಂಗನ ಎಂಜಿನ್ ಬಂದ್ ಮಾಡಿ, ಹಂಗ ಉರಳಿಸ್ಕೊಂಡ ಒಳಗ ತರ್ತೀನಿ."

ಆ ಮಾತು ನನಗೆ ಮೆಚ್ಚಿಕೆಯಾಯಿತು. ಮಗ್ಗದಲ್ಲಿಯೂ ಎಳೆ ಹರಿದ ಕ್ಷಣವೇ ಬಂದ್ ಮಾಡುವವನೇ ಒಳ್ಳೆಯ ನೇಕಾರ. ಕೊಳವೆಯನ್ನು ಬಿಚ್ಚಿ ದಂಡವನ್ನು ಹಿಡಿದೆ. ಎಳ್ಳಷ್ಟೂ ಅಳ್ಳಾಟವಿರಲಿಲ್ಲ. ತಿರುಗಿಸಿದರೆ ಹೊಸ ಬೇರಿಂಗಿನಂತೆ ಬಿಗಿಯಾಗಿ, ಮೆಲ್ಲಗೆ ತಿರುಗಿತು. ಅಲ್ಲಿಯೇ ನಿಂತು ವ್ಯವಹಾರ ಮುಗಿಸಿದೆ.

ಮೊದಲ ಮೂರು ದಿನ ಎಲ್ಲವೂ ಅಂದುಕೊಂಡಂತೆ ನಡೆಯಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೊದಲ ದಿನವೇ ಅವಳ ಮೈಮೇಲೆ ಬಣ್ಣದ ಗೆರೆಗಳನ್ನು ಎಳೆದಿದ್ದರು. ಅವು ಅಳಿಯಬಾರದು. ಕೊರಳಲ್ಲಿ ಏನೂ ಇರಕೂಡದು ಎಂದಾಗ ಅವಳ ಕೈ ಕೊರಳಿನ ವಸ್ತ್ರದ ಗಂಟಿಗೆ ಹೋಯಿತು. ಹತ್ತನೆಯ ವಯಸ್ಸಿನಿಂದ ಇಷ್ಟಲಿಂಗವನ್ನು ಮೈಯಿಂದ ಅಗಲಿಸಿದವಳಲ್ಲ. ಕೊನೆಗೆ ವಸ್ತ್ರದೊಡನೆ ಅದನ್ನು ಬಿಚ್ಚಿ, ಲಿಂಗ ಕಟ್ಟಿಕೊಳ್ಳುವುದನ್ನು ಎಂದೋ ಬಿಟ್ಟಿದ್ದ ನನ್ನ ಅಂಗೈಯಲ್ಲಿಟ್ಟಳು. "ಹಿಡಕೊಂಡ ಕುಂದರ್ರಿ. ಎಲ್ಲೂ ಕೆಳಗ ಇಡಬ್ಯಾಡ್ರಿ" ಎಂದಳು. ದಿನವೂ ಹಾಗೆಯೇ ಕುಳಿತೆ. ಗೋಡೆಯ ಆಚೆ ಯಂತ್ರ ಗುಂಯ್ಗುಟ್ಟುತ್ತಿತ್ತು.

ನಾಲ್ಕನೆಯ ದಿನ ಮಚ್ಛೆ ದಾಟುವಾಗ ಅವಳು, "ಏನೋ ಸೀಟಿ ಹೊಡದಂಗ ಆಗ್ತೈತಲ್ರಿ" ಎಂದಳು.

"ಗಾಳಿ ಅದು. ಕಿಟಕಿ ಏರಸು."

"ಏರಸೇನ್ರಿ. ನೀವು ಜೋರ ಮಾಡಿದಾಗ ಅಷ್ಟ ಬರತೈತಿ. ಸಣ್ಣ ಕೂಸು ಅತ್ತಂಗ."

"ನಿನಗ ಆ ಮಷೀನಿನ ಸಪ್ಪಳ ಕಿವ್ಯಾಗ ಕುಂತೈತಿ" ಎಂದೆ. ಅವಳು ಮತ್ತೂ ಎರಡು ದಿನ ಹೇಳಿದಳು, ಆಮೇಲೆ ಬಿಟ್ಟಳು. ದಿನದಿಂದ ದಿನಕ್ಕೆ ಅವಳ ಮಾತೇ ಕಡಿಮೆಯಾಗುತ್ತಿತ್ತು, ಚರ್ಮ ಸುಟ್ಟು ಕೆಂಪಾಗುತ್ತಿತ್ತು. ಆದರೂ ಖಾನಾಪುರದ ಮನೆಯ ಬಾಗಿಲು ತೆರೆಯುವಾಗ ಅವಳ ಮುಖ ಪ್ರತಿ ಸಂಜೆಯೂ ಸ್ವಲ್ಪ ಸಡಿಲವಾಗುತ್ತಿತ್ತು. ನಾನು ಅದನ್ನು ನೋಡುವುದಕ್ಕಾಗಿಯೇ ಬೀಗದ ಕೈಯನ್ನು ಅವಳಿಗೆ ಕೊಡುತ್ತಿದ್ದೆ.

ಹದಿನಾಲ್ಕನೆಯ ದಿನ ದೇಸೂರಿನ ಇತ್ತಲಿನ ಏರಿನಲ್ಲಿ ಕಾರು ಎಳೆಯುವುದನ್ನು ನಿಲ್ಲಿಸಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆಯೇ ಕಾಣಿಸದಷ್ಟು ನೀಲಿಯ ಹೊಗೆ. ಬದಿಗೆ ನಿಲ್ಲಿಸಿ ಅವಳನ್ನು ಇಳಿಸಿದೆ. ಅವಳು ಸೆರಗನ್ನು ಗಾಯಕ್ಕೆ ತಾಗದಂತೆ ಎತ್ತಿ ಹಿಡಿದು, ಸಣ್ಣ ಸೇತುವೆಯ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಳು. ನಿಂತ ಒಂದೇ ಗಾಡಿ ತರಕಾರಿಯ ಟೆಂಪೊ. ಅದರಲ್ಲಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ಪಾಳಿ ತಪ್ಪಿತ್ತು. ಯಂತ್ರ ಸಂಜೆಯವರೆಗೂ ಬಿಡುವಿರಲಿಲ್ಲ. ಒಂದು ದಿನ ತಪ್ಪಿದ್ದಕ್ಕೆ ಕೊನೆಯಲ್ಲಿ ಒಂದು ದಿನ ಸೇರಿಸುತ್ತೇವೆ, ಇನ್ನು ತಪ್ಪಿಸಬೇಡಿ ಎಂದು ವೈದ್ಯರು ಗಂಭೀರವಾಗಿ ಹೇಳಿದರು.

ಅಲ್ಲಿಂದ ನೇರವಾಗಿ ಶಿವಬಸವ ನಗರಕ್ಕೆ ಹೋದೆವು. ಬೇರೆ ದಾರಿ ಇರಲಿಲ್ಲ. ತಂಗಿ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟಳು. ಹೆಂಡತಿ ಗೋಡೆಯ ಕಡೆಗೆ ತಿರುಗಿ ಮಲಗಿ, "ಖಾನಾಪುರಕ್ಕ ಹ್ವಾದ್ರ ನನ್ನ ತಲಿದಿಂಬು ತರ್ರಿ" ಎಂದಳು, ಅಷ್ಟೇ.

ಕೆಂಪು ಕಾರನ್ನು ಉಸ್ತಾದನೇ ಹಗ್ಗ ಹಾಕಿಸಿ ಎಳೆದು ತಂದ. ದಲಾಲಿಯ ಮಾತೆತ್ತಿ ಅವನನ್ನು ನೋಯಿಸಿದ್ದ ನಾನು ಅವನಿಗೆ ಫೋನ್ ಮಾಡಲು ಅರ್ಧ ದಿನ ಹಿಂದುಮುಂದು ನೋಡಿದ್ದೆ. ಎರಡು ದಿನದ ಮೇಲೆ ಹೋದಾಗ ಟರ್ಬೊವನ್ನು ಬಿಚ್ಚಿ ಪತ್ರಿಕೆಯ ಮೇಲೆ ಇಟ್ಟಿದ್ದ. ದಂಡದ ಸುತ್ತಲೂ ಎಣ್ಣೆ ಸುಟ್ಟು, ತಳ ಹತ್ತಿದ ಕಾಕಂಬಿಯಂತೆ ಕರ್ರಗೆ ಅಂಟಿಕೊಂಡಿತ್ತು.

"ಮುಟ್ಟಿ ನೋಡ್ರಿ ಜಾಬರ ಸಾಹೇಬ್ರ. ಒಟ್ಟ ಅಳ್ಳಾಡೂದಿಲ್ಲ. ಎಷ್ಟ ಬಿಗಿ ಅದ!" ಎಂದ. ಅಷ್ಟು ಚುಚ್ಚಿದ ಮೇಲೆ ದನಿ ತಗ್ಗಿಸಿ ವಿವರಿಸಿದ. ಜೋರಾಗಿ ಓಡಿ ಬಂದ ಟರ್ಬೊ ಕೆಂಡದಂತೆ ಕಾದಿರುತ್ತದೆ. ಎಂಜಿನ್ನನ್ನು ಒಂದು ನಿಮಿಷ ಹಾಗೆಯೇ ಬಿಟ್ಟರೆ ಎಣ್ಣೆ ಹರಿದು ಅದನ್ನು ತಣಿಸುತ್ತದೆ. ಥಟ್ಟನೆ ನಿಲ್ಲಿಸಿದರೆ ನಿಂತ ಎಣ್ಣೆ ಅಲ್ಲಿಯೇ ಸುಡುತ್ತದೆ. ವ್ಯಾಪಾರಿ ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಉಳಿಸಿದ ಹನಿಗಳು ಅಲ್ಲಿ ಕರಿಯಾಗಿ ಕುಳಿತಿದ್ದವು. ನನ್ನ ಹೆಬ್ಬೆರಳು ಹೊಸತನವೆಂದು ತಿಳಿದದ್ದು ಆ ಕರಿಯನ್ನು.

"ಆದ್ರ ಹಿಂಗ ಒಮ್ಮಿಗೇ ಹೋಗೂದಿಲ್ಲ ಇದು" ಎಂದ ಉಸ್ತಾದ. "ಎಂಟ ಹತ್ತ ದಿನ ಮೊದಲಿಂದ ಸೀಟಿ ಹೊಡಿತದ. ಸಣ್ಣಾಗಿ, ಕೂಸು ಅತ್ತಂಗ. ನಿಮಗ ಕೇಳಸಲಿಲ್ಲೇನು?"

ನನಗೆ ಕೇಳಿಸಿರಲಿಲ್ಲ. ಮಗ್ಗದ ಖೋಲಿಯಲ್ಲಿ ನಲವತ್ತು ವರ್ಷ ಕಳೆದವನ ಕಿವಿಗೆ ಮಾತು ಕೇಳಿಸುತ್ತದೆ, ಸಣ್ಣ ಸೀಟಿ ಕೇಳಿಸುವುದಿಲ್ಲ. ಅದೇ ವರ್ಷ ಜ್ವರ ನೋಡುವ ಹೊಸ ಕಡ್ಡಿ ಸದ್ದು ಮಾಡುತ್ತಿಲ್ಲವೆಂದು ಅಂಗಡಿಗೆ ಹೋಗಿ ಜಗಳವಾಡಿ ಬಂದಿದ್ದೆ. ಅದು ಸದ್ದು ಮಾಡುತ್ತದೆ ಎಂದು ಹೆಂಡತಿ ಆಗಲೂ ಹೇಳಿದ್ದಳು. ಮೀಟರನ್ನು ಸಂಶಯಿಸಿದೆ, ಚೀಟಿಗಳನ್ನು ಸಂಶಯಿಸಿದೆ, ಗೆಳೆಯನನ್ನು ಸಂಶಯಿಸಿದೆ, ಮಗ್ಗುಲಲ್ಲಿ ಕುಳಿತವಳ ಕಿವಿಯನ್ನು ಸಂಶಯಿಸಿದೆ. ನನ್ನ ಬೆರಳು ಮತ್ತು ನನ್ನ ಕಿವಿ ಹೇಳಿದ್ದನ್ನು ಮಾತ್ರ ಬಣ್ಣ ಕೆರೆದು ನೋಡುವುದು ನನಗೆ ಹೊಳೆದಿರಲಿಲ್ಲ.

"ಉಸ್ತಾದ, ಆ ದಿನ ದಲಾಲಿ ಮಾತ ತಗೀಬಾರದಿತ್ತು" ಎಂದೆ.

"ದಲಾಲಿ ಸಿಗತಿತ್ತು, ಖರೇ ಹೇಳ್ತೀನಿ. ದಲಾಲಿ ಸಿಗತದ ಅಂತ ದಂಡದ ಮಾತ ಸುಳ್ಳ ಆಗತದೇನ್ರಿ?" ಎಂದು ಅವನು ಕೈ ಒರೆಸಿಕೊಂಡ. ಬಿಳಿಯ ಕಾರು ಆಗಲೇ ಮಾರಿಹೋಗಿತ್ತು. ದುರಸ್ತಿಯಾದ ಬೇರೊಂದು ಟರ್ಬೊವನ್ನು ತಂದು, ಹಾಕುವ ಮೊದಲು ನನ್ನ ಕೈಗೆ ಕೊಟ್ಟ. ದಂಡ ಅತ್ತಿತ್ತ ಅಳ್ಳಾಡಿತು. "ಹಾಕು" ಎಂದು ಮರಳಿ ಕೊಟ್ಟೆ.

ಹೆಂಡತಿ ಉಳಿದ ಹನ್ನೆರಡು ಸರದಿಯನ್ನೂ ಶಿವಬಸವ ನಗರದಿಂದಲೇ ಮುಗಿಸಿದಳು. ಕಾರು ಕೆಟ್ಟು ಎಂಟು ದಿನಕ್ಕೇ ತಯಾರಾಗಿತ್ತು. ಮನೆಗೆ ಹೋಗೋಣವೇ ಎಂದು ಕೇಳಿದೆ. "ಬ್ಯಾಡ್ರಿ, ಮತ್ತ ದಾರ್ಯಾಗ ಕುಂದರಾಕ ನನ್ನ ಕಡೆ ಆಗೂದಿಲ್ಲ" ಎಂದಳು. ಅವಳ ಇಡೀ ಬೇನೆಯಲ್ಲಿ ನನಗೆ ಅತ್ಯಂತ ಕಠಿಣವಾಗಿ ತಾಗಿದ ಮಾತು ಅದು. ಅವಳು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ.

ಕೊನೆಯ ದಿನ ಲಿಂಗವನ್ನು ಅವಳ ಕೈಗೆ ಕೊಟ್ಟೆ. ಕಟ್ಟಿಕೊಂಡಳು. ತಲೆದಿಂಬನ್ನು ಹಿಂದಿನ ಆಸನದಲ್ಲಿಟ್ಟು ಹೊರಟೆವು. ಉದ್ಯಮಬಾಗ ದಾಟಿದ ಮೇಲೆ ಸ್ವಲ್ಪ ಜೋರು ಮಾಡಿ, "ಕೇಳು, ಏನರ ಕೇಳಸ್ತೈತೇನು?" ಎಂದೆ.

ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮಚ್ಛೆ ಹೋಯಿತು. ದೇಸೂರು ಹೋಯಿತು. ಆ ಸಣ್ಣ ಸೇತುವೆಯೂ ಹಿಂದೆ ಬಿತ್ತು. ನಾನು ಎರಡನೆಯ ಸಲ ಕೇಳಲಿಲ್ಲ.

"ಸೀಟಿ ಇಲ್ಲ" ಎಂದಳು ಕೊನೆಗೆ. "ಆದ್ರ ಹಿಂದಿನ ಬಾಗಲಾ ಸರಿ ಹಾಕಿಲ್ಲ ನೀವು. ಕಟಕಟ ಅನ್ನಾಕತ್ತೈತಿ."

ನನಗೆ ಅದು ಕೇಳಿಸುತ್ತಿರಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿದೆ. ಎಂಜಿನ್ನನ್ನು ಚಾಲೂ ಇಟ್ಟು ಇಳಿದು, ಹಿಂದಿನ ಬಾಗಿಲನ್ನು ತೆರೆದು, ಗಟ್ಟಿಯಾಗಿ ಮತ್ತೆ ಹಾಕಿದೆ.