ಮೊಬೈಲ್ ಡಾಕ್ಟರು ಹೇಳಿದ ಮದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿರುವ ಒಂದು ಪುಟ್ಟ ಅಂಗಡಿ ಇದೆ. ಅಲ್ಲಿ ಮೊಬೈಲ್ ರಿಪೇರಿ ಮಾಡುವವರನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಾರೆ. ಓದಿದ್ದು ಹತ್ತನೇ ಕ್ಲಾಸು, ಅದೂ ಎರಡು ಸಲ. ಹುಡುಗನಾಗಿದ್ದಾಗ ರೇಡಿಯೊ ರಿಪೇರಿ ಕಲಿತರು. ರೇಡಿಯೊಗಳು ಅಟ್ಟ ಸೇರಿದ ಮೇಲೆ ಟೀವಿಗೆ ಕೈ ಹಾಕಿದರು. ಟೀವಿಗಳು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡು, ಕೆಟ್ಟರೆ ಎಸೆಯುವ ಕಾಲ ಬಂದಾಗ ಮೊಬೈಲಿನ ಬೆನ್ನು ಬಿಚ್ಚತೊಡಗಿದರು. ಇಪ್ಪತ್ತು ವರ್ಷದಿಂದ ಅದೇ ಸ್ಟೂಲು, ಅದೇ ಮೇಜು, ಹಣೆಗೆ ಕಟ್ಟಿಕೊಂಡ ಅದೇ ಭೂತಗನ್ನಡಿ.

ಅವರು ನಕ್ಕಿದ್ದನ್ನು ಕಂಡವರು ಕಡಿಮೆ. ಸಿಡುಕರು ಎಂದಲ್ಲ, ಅದಕ್ಕೊಂದು ಕಾರಣವಿದೆ. ಅಂಗಡಿ ಇಟ್ಟ ಹೊಸದರಲ್ಲಿ ಒಬ್ಬರ ಫೋನು ಬಿಚ್ಚಿಟ್ಟುಕೊಂಡು ಏನೋ ನೆನಪಾಗಿ ನಕ್ಕುಬಿಟ್ಟರಂತೆ. ಆ ಗಿರಾಕಿ, ಇವನು ಏನೋ ಮುರಿದು ಹಾಕಿ ಹಲ್ಲು ಕಿರಿಯುತ್ತಿದ್ದಾನೆ ಎಂದುಕೊಂಡು ಬೀದಿಯೆಲ್ಲ ಒಂದು ಮಾಡಿದ. ಅಂದಿನಿಂದ ಡಾಕ್ಟರು ಮುಖ ಗಂಟಿಕ್ಕುವುದನ್ನು ಕಲಿತರು. ಆದರೆ ತಮಾಷೆ ಮಾಡುವುದು ಹುಟ್ಟುಗುಣ, ಅದನ್ನು ಬಿಡಲಾಗಲಿಲ್ಲ. ಹಾಗಾಗಿ ನಗುವುದನ್ನು ಮಾತ್ರ ಬಿಟ್ಟು, ತಮಾಷೆಯನ್ನು ಉಳಿಸಿಕೊಂಡರು.

ಇದರಿಂದಾದ ಫಜೀತಿ ಏನೆಂದರೆ, ಅವರು ಒಳ್ಳೆಯ ಬುದ್ಧಿಮಾತನ್ನೂ ತಮಾಷೆಯನ್ನೂ ಒಂದೇ ಮುಖ ಇಟ್ಟುಕೊಂಡು ಹೇಳುತ್ತಿದ್ದರು. “ನೀರಿಗೆ ಬಿದ್ದ ಫೋನನ್ನ ಅಕ್ಕಿ ಡಬ್ಬಿಗೆ ಹಾಕ್ಬೇಡಿ. ಫೋನ್ ಒಣಗಲ್ಲ, ಅಕ್ಕಿ ಕೆಡುತ್ತೆ. ಮೊದಲು ಆಫ್ ಮಾಡಿ, ಒರೆಸಿ, ಗಾಳಿಗಿಡಿ. ಚಾರ್ಜಿಗೆ ಮಾತ್ರ ಹಾಕಲೇಬೇಡಿ,” ಎನ್ನುತ್ತಿದ್ದರು. ಇದು ನಿಜ. ಮರುಕ್ಷಣವೇ ಇನ್ನೊಬ್ಬರಿಗೆ, “ನಿಮ್ಮ ಫೋನು ಹ್ಯಾಂಗ್ ಆಗೋದು ಯಾಕೆ ಗೊತ್ತಾ? ನೀವು ಅದನ್ನ ಬಹಳ ಬೈತೀರಿ. ಎರಡು ದಿನ ಮರ್ಯಾದೆ ಕೊಟ್ಟು ನೋಡಿ,” ಎನ್ನುತ್ತಿದ್ದರು. ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಸಿಗ್ನಲ್ ಸಿಗಬೇಕಾದರೆ ಒಂಟಿ ಕಾಲಲ್ಲಿ ನಿಲ್ಲಬೇಕು ಎಂದು ಒಬ್ಬ ನಿವೃತ್ತ ಮೇಷ್ಟ್ರಿಗೆ ಹೇಳಿದ್ದರು. ಮೇಷ್ಟ್ರು ವಾರದ ತನಕ ಹಾಗೇ ನಿಂತರಂತೆ. ಈ ಕಥೆಯನ್ನು ಡಾಕ್ಟರು ಹೆಂಡತಿಯ ಮುಂದೆ ನೂರು ಸಲ ಹೇಳಿ, ಮನೆಯ ಬಾಗಿಲು ಹಾಕಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದಾರೆ. ಬುದ್ಧಿ ಇದ್ದವರು ಇಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಇವರಿಗೆ ಅದು ಹೊಳೆಯಲಿಲ್ಲ.

ಶಾಲೆಗಳು ಶುರುವಾಗುವ ವಾರ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಗಡಿಗೆ ಯೂನಿಫಾರ್ಮ್ ಅಕ್ಕ ಬಂದರು. ಬೀದಿಯ ಅರ್ಧ ಮಕ್ಕಳ ಶಾಲೆ ಬಟ್ಟೆ ಹೊಲಿಯುವುದು ಅವರೇ, ಅದಕ್ಕೇ ಆ ಹೆಸರು. ಸೊಂಟದ ಮೇಲೆ ಏಳು ತಿಂಗಳ ಮಗು, ಹೆಗಲ ಮೇಲೆ ಅಳತೆ ಟೇಪು. ಮಗು ಮುಂದೆ ನೇತಾಡುತ್ತಿದ್ದ ಚಾರ್ಜರ್ ವೈರುಗಳಿಗೆ ಕೈ ಚಾಚುತ್ತಿತ್ತು, ಅಕ್ಕ ಒಂದು ಕೈಯಲ್ಲಿ ಅದನ್ನು ತಡೆಯುತ್ತ ಇನ್ನೊಂದು ಕೈಯಲ್ಲಿ ತಮ್ಮ ಹಳೆಯ ಬಟನ್ ಫೋನನ್ನು ಮೇಜಿನ ಮೇಲಿಟ್ಟರು. ಬ್ಯಾಟರಿಯನ್ನು ಬೇರೆಯಾಗಿ ಕಾಗದದಲ್ಲಿ ಸುತ್ತಿ ತಂದಿದ್ದರು.

“ಡಾಕ್ಟ್ರೇ, ಇದರ ಹೊಟ್ಟೆ ನೋಡಿ. ಹಿಂದಿನ ಮುಚ್ಚಳ ಕೂರ್ತಾನೇ ಇಲ್ಲ.”

ಬ್ಯಾಟರಿ ಉಬ್ಬಿಕೊಂಡಿತ್ತು. ಅಂಥದ್ದನ್ನು ಡಾಕ್ಟರು ತಿಂಗಳಿಗೆ ಹತ್ತು ನೋಡುತ್ತಾರೆ. ಆ ಮಾಡೆಲ್ಲಿನ ಬ್ಯಾಟರಿ ಅಂಗಡಿಯಲ್ಲಿ ಇರಲಿಲ್ಲ.

“ಗ್ಯಾಸ್ಟ್ರಿಕ್ಕು ಅಕ್ಕ, ಮತ್ತೇನಿಲ್ಲ,” ಎಂದರು, ತಲೆ ಎತ್ತದೆ. “ಹೊಸದು ಬರೋಕೆ ಒಂದು ವಾರ ಆಗುತ್ತೆ. ಅಲ್ಲೀವರೆಗೆ ಓಡ್ಬೇಕು ಅಂದ್ರೆ, ನಿಮ್ಮನೇಲಿ ಸೂಜಿಗೇನು ಬರವೇ? ಒಂದ್ಸಲ ಚುಚ್ಚಿಬಿಡಿ, ಗಾಳಿ ಹೋಗಿ ತೆಳ್ಳಗಾಗುತ್ತೆ.”

ಅಷ್ಟರಲ್ಲಿ ಒಬ್ಬ ಗಿರಾಕಿ ಒಡೆದ ಗಾಜಿನ ಫೋನನ್ನು ಅವರ ಮೂಗಿನಡಿಗೆ ತುರುಕಿ, ಅರ್ಜೆಂಟು ಅರ್ಜೆಂಟು ಎಂದು ಪ್ರಾಣ ತಿಂದ. ಬ್ಯಾಟರಿ ಇಲ್ಲೇ ಬಿಟ್ಟು ಹೋಗಿ ಅಕ್ಕ, ಅದು ಮನೇಲಿರಬಾರದು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆ ಗಾಜು ನೋಡಿ ತಲೆ ಎತ್ತುವಷ್ಟರಲ್ಲಿ ಅಕ್ಕ ಫೋನು, ಬ್ಯಾಟರಿ ಎರಡನ್ನೂ ಎತ್ತಿಕೊಂಡು ಹೋಗಿಯಾಗಿತ್ತು. ಹೋಗಲಿ, ಸಂಜೆ ಇದೇ ದಾರಿಯಲ್ಲಿ ಬರುತ್ತಾರಲ್ಲ, ಆಗ ಹೇಳಿದರಾಯಿತು ಎಂದುಕೊಂಡು ಡಾಕ್ಟರು ಕೆಲಸದಲ್ಲಿ ಮುಳುಗಿದರು.

ಅಂಗಡಿಯ ಮುಂಭಾಗದಲ್ಲಿ ಫೋನಿನ ಕವರು, ಇಯರ್‌ಫೋನು ಮಾರುವುದು ಅವರ ಹೆಂಡತಿಯ ಜವಾಬ್ದಾರಿ. ಮುಕ್ಕಾಲು ಗಂಟೆಯ ಮೇಲೆ ಊಟದ ಡಬ್ಬಿ ಬಿಚ್ಚುತ್ತ ಆಕೆ ಕೇಳಿದರು, “ಅಲ್ರೀ, ಬ್ಯಾಟರಿಗೆ ಸೂಜಿ ಎಷ್ಟು ಆಳ ಚುಚ್ಚಬೇಕು?”

“ಯಾವ ಬ್ಯಾಟರಿಗೆ?”

“ಯೂನಿಫಾರ್ಮ್ ಅಕ್ಕ ಹೋಗ್ತಾ ನನ್ನ ಕೇಳಿದ್ರು. ನಂಗೇನು ಗೊತ್ತು, ಗಿರಾಕಿ ಬೇರೆ ಇದ್ರು. ಡಾಕ್ಟ್ರು ಹೇಳಿದ ಹಾಗೆ ಮಾಡಿ ಅಂದೆ.”

“ನಗ್ಲಿಲ್ವಾ ಅವರು?”

“ನಗೋದು ಯಾಕೆ?”

ಡಾಕ್ಟರು ಎಡ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಅಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಚರ್ಮ ಸುಕ್ಕುಗಟ್ಟಿದೆ. ಎರಡು ವರ್ಷದ ಹಿಂದೆ, ಅಂಟಿಕೊಂಡ ಬ್ಯಾಟರಿಯನ್ನು ಏಳಿಸಲು ಹೋಗಿ ಸ್ಕ್ರೂಡ್ರೈವರ್ ಜಾರಿತ್ತು. ಸಣ್ಣದೊಂದು ತೂತು, ಅಷ್ಟೇ. ಸುಯ್ ಎಂದ ಸದ್ದು ಕೇಳುವಷ್ಟರಲ್ಲಿ ಬೆಂಕಿ ಮೇಜಿನ ಮೇಲೆ ಎದ್ದು ನಿಂತಿತ್ತು. ಆವತ್ತು ಅವರ ಸುತ್ತ ಇದ್ದದ್ದು ತಗಡು, ಕಬ್ಬಿಣ. ಅಕ್ಕನ ಮನೆಯಲ್ಲಿ ಇರುವುದು ಬರೀ ಬಟ್ಟೆ. ಬಟ್ಟೆ, ನೂಲು, ಮತ್ತೆ ಆ ಮಗು.

ಅವರು ಮೊದಲು ಮಾಡಿದ ಕೆಲಸವೆಂದರೆ ಅಕ್ಕನ ನಂಬರಿಗೆ ಫೋನು ಮಾಡಿದ್ದು. ಸ್ವಿಚ್ ಆಫ್. ಮತ್ತೆ ಮಾಡಿದರು. ಸ್ವಿಚ್ ಆಫ್. ಮೂರನೆಯ ಸಲ ಹೆಂಡತಿ ಅವರ ಕೈ ಹಿಡಿದು, “ರೀ, ಬ್ಯಾಟರಿ ಇಲ್ಲದ ಫೋನಿಗೆ ಮಾಡ್ತಿದ್ದೀರಲ್ರೀ,” ಎಂದರು. ಇಪ್ಪತ್ತು ವರ್ಷ ಫೋನುಗಳ ಹೊಟ್ಟೆ ಬಗೆದ ಮನುಷ್ಯನಿಗೆ ಅಷ್ಟೂ ಹೊಳೆದಿರಲಿಲ್ಲ, ಹೆದರಿಕೆ ಹಾಗೆ ಬುದ್ಧಿಯನ್ನು ತಿಂದು ಹಾಕಿತ್ತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗಿಳಿದರು. ಹಣೆಯ ಮೇಲೆ ಭೂತಗನ್ನಡಿ ಹಾಗೇ ಇತ್ತು.

ಮನೆ ಗೊತ್ತಿರಲಿಲ್ಲ. ಬೇಕರಿಯ ಹಿಂದಿನ ಓಣಿ ಎಂದಷ್ಟೇ ಗೊತ್ತು. ಆ ಓಣಿಯಲ್ಲಿ ಮೂವತ್ತು ಬಾಗಿಲುಗಳಿವೆ. ಬೇಕರಿಯ ಹತ್ತಿರ ಬರುವಷ್ಟರಲ್ಲಿ ಏದುಸಿರು ಬಂದಿತ್ತು. ಬೇಕರಿಯವರು ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದರು.

“ಅಣ್ಣಾ, ಯೂನಿಫಾರ್ಮ್ ಹೊಲಿಯೋ ಅಕ್ಕನ ಮನೆ ಯಾವುದು? ಬೇಗ ಹೇಳಿ.”

“ಏನು ಡಾಕ್ಟ್ರೇ, ಈ ವಯಸ್ಸಲ್ಲಿ ಶಾಲೆಗೆ ಸೇರ್ತೀರಾ?”

“ಬೆಂಕಿ ಬೀಳುತ್ತೆ ಅಣ್ಣಾ ಆ ಮನೆಗೆ. ನಾನು ಬ್ಯಾಟರಿಗೆ ಸೂಜಿ ಚುಚ್ಚಿ ಅಂತ ಹೇಳಿಬಿಟ್ಟಿದ್ದೀನಿ.”

ಬೇಕರಿಯವರು ಅವರ ಮುಖ ನೋಡಿದರು. ಅಲ್ಲಿ ಇದ್ದದ್ದು ಅದೇ ಗಂಟು ಮುಖ, ದಿನಾ ನೋಡುವ ಮುಖ. ಬೇಕರಿಯವರು ಬಿದ್ದು ಬಿದ್ದು ನಕ್ಕರು. ಒಳಗಿದ್ದ ತಮ್ಮನನ್ನು ಕೂಗಿ ಕರೆದು, “ಬಾರೋ, ಡಾಕ್ಟ್ರು ಸೂಜಿ ಹಾಕೋಕೆ ಹೊರಟಿದ್ದಾರೆ,” ಎಂದರು. ಡಾಕ್ಟರು ಕೈ ಮುಗಿದರು. ಅದಕ್ಕೂ ನಕ್ಕರು. ನಿಜ ಹೇಳುತ್ತಿದ್ದೇನೆ ಎಂದು ಆಣೆ ಹಾಕಿದರು. ಅಣ್ಣತಮ್ಮ ಇಬ್ಬರೂ ಕಣ್ಣೊರೆಸಿಕೊಂಡರು. ಆಗ ಡಾಕ್ಟರಿಗೆ ನಿಜವಾಗಿ ಜೀವ ಬಾಯಿಗೆ ಬಂತು. ಈ ಪೇಟೆಯಲ್ಲಿ ತನ್ನ ಮಾತನ್ನು ನಂಬಬೇಕಾದಾಗ ನಂಬುವವರು ಒಬ್ಬರೂ ಇಲ್ಲ, ನಂಬಬಾರದ್ದನ್ನು ನಂಬಿದವರು ಅಲ್ಲಿ ಸೂಜಿ ಹಿಡಿದು ಕೂತಿದ್ದಾರೆ.

ಅಲ್ಲಿ ನಿಂತು ಉಪಯೋಗವಿಲ್ಲ ಎಂದು ಓಣಿಯೊಳಗೆ ಓಡಿದರು. ಪ್ರತಿ ಬಾಗಿಲ ಮುಂದೆ ನಿಂತು ಹೊಲಿಗೆ ಮೆಷಿನ್ನಿನ ಸದ್ದಿಗೆ ಕಿವಿಗೊಟ್ಟರು. ಒಂದು ಮನೆಯಲ್ಲಿ ಮಿಕ್ಸಿ, ಇನ್ನೊಂದರಲ್ಲಿ ಟೀವಿ. ಎಲ್ಲಿಯೂ ಮೆಷಿನ್ನಿನ ಸದ್ದಿಲ್ಲ. ಶಾಲೆ ಶುರುವಾಗುವ ವಾರದಲ್ಲಿ ಹೊಲಿಗೆಯವರ ಮೆಷಿನ್ನು ಸುಮ್ಮನಿದೆ ಎಂದರೆ ಅದರ ಅರ್ಥವೇನು? ಯೋಚಿಸುವುದು ಬೇಡ ಎಂದುಕೊಂಡರು, ಯೋಚನೆ ಬಿಡಲಿಲ್ಲ. ಹೊಗೆಯ ವಾಸನೆ ಬಂದಂತಾಯಿತು. ಅದು ಯಾರದೋ ಒಲೆಯ ಮೇಲೆ ಹಾಲು ಉಕ್ಕಿ ಸೀದದ್ದು.

ಓಣಿಯ ಕೊನೆಗೆ ಒಂದು ಮನೆಯ ಕಿಟಕಿಯಲ್ಲಿ ನೀಲಿ ಸ್ಕರ್ಟುಗಳು ಸಾಲಾಗಿ ನೇತಾಡುತ್ತಿದ್ದವು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಕ್ಕ ಅಕ್ಕ ಎಂದು ಕೂಗಿದರು, ಉತ್ತರವಿಲ್ಲ. ಸ್ಕರ್ಟುಗಳನ್ನು ಸರಿಸಿ ಕಿಟಕಿಯಿಂದ ಇಣುಕಿದರು. ಪುಟ್ಟ ಕೋಣೆ. ಮೊಣಕಾಲೆತ್ತರಕ್ಕೆ ಬಟ್ಟೆಯ ಚೂರುಗಳ ರಾಶಿ. ಹೊಲಿಗೆ ಮೆಷಿನ್ನಿನ ಮೇಲೆ, ಬಿಳಿ ಅಂಗಿಯೊಂದರ ತೋಳಿನ ಮೇಲೆ, ಆ ಬ್ಯಾಟರಿ. ಅದರ ಪಕ್ಕದಲ್ಲಿ ಎರಡು ಸೂಜಿಗಳು, ಎರಡೂ ಬಾಗಿದ್ದವು. ಮೆಷಿನ್ನಿಗೆ ಒಂದು ಮೊಳ ದೂರದಲ್ಲಿ ತೊಟ್ಟಿಲು. ತೊಟ್ಟಿಲಿನಲ್ಲಿ ಮಗು ನಿದ್ದೆ ಮಾಡುತ್ತಿತ್ತು.

ಬೇರೆಯವರ ಮನೆಯ ಚಿಲಕ ತೆಗೆದು ಒಳಗೆ ನುಗ್ಗುವುದು ಡಾಕ್ಟರ ಜೀವಮಾನದಲ್ಲಿ ಅದೇ ಮೊದಲು. ಬ್ಯಾಟರಿ ಮುಟ್ಟಿದರು. ಬೆಚ್ಚಗಿತ್ತು. ಯಾವ ಫೋನಿಗೂ ಹಾಕದೆ, ಚಾರ್ಜಿಗೂ ಇಡದೆ ಸುಮ್ಮನೆ ಬಿದ್ದಿರುವ ಬ್ಯಾಟರಿ ಬೆಚ್ಚಗಿರಬಾರದು. ಅದರ ಒಂದು ಬದಿಯಲ್ಲಿ ಸಾಸಿವೆ ಕಾಳಿನಷ್ಟು ಎರಡು ತಗ್ಗುಗಳಿದ್ದವು. ಒಳಗೆ ಎಲ್ಲಿಗೆ ಎಲ್ಲಿ ತಾಗಿದೆಯೋ, ಇನ್ನೆಷ್ಟು ಹೊತ್ತು ತಡೆಯುತ್ತದೆಯೋ. ಅಂದು ಸುಟ್ಟಿದ್ದ ಎಡಗೈ ಹಿಂದೆ ಸರಿಯಿತು. ಅದು ತಾನಾಗಿಯೇ ಸರಿಯಿತು, ಅವರು ಸರಿಸಿದ್ದಲ್ಲ. ಮಗುವನ್ನು ಎತ್ತಿಕೊಂಡು ಹೊರಗೆ ಓಡಲೇ, ಬ್ಯಾಟರಿಯನ್ನು ಎತ್ತಿಕೊಂಡು ಓಡಲೇ ಎಂದು ಒಂದು ಗಳಿಗೆ ದಿಕ್ಕು ತೋಚದೆ ನಿಂತರು. ಆಮೇಲೆ ಆ ಅಂಗಿಯ ಸಮೇತ ಬ್ಯಾಟರಿಯನ್ನು ಮುದುಡಿ ಹಿಡಿದು ಹಿತ್ತಿಲ ಬಾಗಿಲಿಗೆ ಓಡಿ, ಬಟ್ಟೆ ಒಗೆಯುವ ಕಲ್ಲಿನ ಆಚೆಗೆ ಬೀಸಿ ಎಸೆದರು. ಒಳಗೆ ಬಂದು ಹಿತ್ತಿಲ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

ನೂರು ಎಣಿಸುವಷ್ಟು ಹೊತ್ತು ಏನೂ ಆಗಲಿಲ್ಲ. ಸುಮ್ಮನೆ ಹೆದರಿದೆನಲ್ಲ ಎಂದು ಅವರು ಬೆವರು ಒರೆಸಿಕೊಂಡರು. ಆಗ ಹೊರಗೆ ಸುಯ್ ಎಂದಿತು.

ಬಾಗಿಲ ಸಂದಿಯಿಂದ ನೋಡಿದರು. ಬಿಳಿ ಹೊಗೆ, ಆಮೇಲೆ ಕಿಡಿ, ಆಮೇಲೆ ಬಿಳಿ ಅಂಗಿಯನ್ನು ನುಂಗುತ್ತ ಎದ್ದ ಬೆಂಕಿ. ಅಂಗಿ ಮುಗಿಯಲು ಊಟಕ್ಕೆ ಕೈ ತೊಳೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಹೊಗೆಗೋ ವಾಸನೆಗೋ ಮಗು ಎದ್ದು ಅಳತೊಡಗಿತು. ಡಾಕ್ಟರು ಅದನ್ನು ಎತ್ತಿಕೊಂಡು ಬೀದಿ ಬಾಗಿಲಿಗೆ ಬರುವುದಕ್ಕೂ ಅಕ್ಕ ಓಡಿ ಬರುವುದಕ್ಕೂ ಸರಿಹೋಯಿತು. ಅಕ್ಕನ ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ ಇತ್ತು. ಅದು ಬೆರಳುದ್ದ, ಮೊಳೆಯಷ್ಟು ದಪ್ಪ.

ಮಗುವನ್ನು ಕಸಿದುಕೊಂಡು ಎದೆಗೊತ್ತಿಕೊಂಡು, ಹಿತ್ತಿಲ ಬಾಗಿಲು ತೆರೆದು ನೋಡಿದ ಮೇಲೆ ಅಕ್ಕನಿಗೆ ಅಲ್ಲಿ ಸುಟ್ಟದ್ದು ಏನೆಂದು ತಿಳಿಯಿತು.

“ಅಯ್ಯೋ, ನಾನೇ ಕೆಡಿಸಿಬಿಟ್ಟೆ ಡಾಕ್ಟ್ರೇ. ಸಣ್ಣ ಸೂಜಿ ಎರಡೂ ಬಾಗಿ ಹೋದವು. ಪಕ್ಕದ ಓಣಿಯವರ ಹತ್ರ ದಬ್ಬಳ ಇದೆ ಅಂತ ಇಸ್ಕೊಂಡು ಬರೋಕೆ ಹೋಗಿದ್ದೆ, ಅವರು ಹುಡುಕೋದ್ರಲ್ಲಿ ತಡ ಆಯ್ತು. ನಾನು ಚುಚ್ಚಿದ ಜಾಗ ತಪ್ಪಾಯ್ತಾ?”

“ಎಲ್ಲೂ ಚುಚ್ಚಬಾರದು ಅಕ್ಕ. ನಾನು ತಮಾಷೆಗೆ ಹೇಳಿದ್ದು.”

ಅಕ್ಕ ಅವರ ಮುಖ ನೋಡಿದರು. ನೋಡಿ, ಅಷ್ಟು ಗಾಬರಿಯಲ್ಲೂ ನಕ್ಕರು.

“ನೀವೊಬ್ರು! ಮನೆ ಸುಡ್ತಿತ್ತು, ನಿಮಗೆ ಈಗಲೂ ತಮಾಷೆ. ನೀವು ಬರದೇ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತು? ಮುಂದಿನ ಸಲಕ್ಕಾದ್ರೂ ಗೊತ್ತಿರಲಿ, ಎಲ್ಲಿ ಚುಚ್ಚಬೇಕು ಹೇಳಿ.”

“ನಿಜ ಹೇಳ್ತಿದ್ದೀನಿ ಅಕ್ಕ. ತಪ್ಪು ನಿಮ್ಮದಲ್ಲ. ಉಬ್ಬಿದ ಬ್ಯಾಟರಿಗೆ ಯಾರೂ, ಯಾವತ್ತೂ ಚುಚ್ಚಬಾರದು. ಬಿಚ್ಚಬಾರದು, ಒತ್ತಬಾರದು. ನಾನು ಸುಳ್ಳು ಹೇಳಿದೆ.”

ಅಕ್ಕನ ಮುಖದ ಮೇಲಿನ ನಗು ಹೋಗಲಿಲ್ಲ. ಮಾತಿನ ಕೊನೆಗೆ ಬರಬೇಕಾದ ತಮಾಷೆಗೆ ಅವರು ಕಾಯುತ್ತಿದ್ದರು. ಹೊಸ್ತಿಲ ಮೇಲೆ ಕುಸಿದು ಕೂತು, ಬರಿಗಾಲಿನ ಆ ಮನುಷ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟರು.

ಅಕ್ಕ ನಗು ನಿಲ್ಲಿಸಿದರು. ಹಿತ್ತಿಲಿನ ಕಪ್ಪು ಮುದ್ದೆಯನ್ನು ನೋಡಿದರು. ಕೈಯಲ್ಲಿದ್ದ ದಬ್ಬಳವನ್ನು ಕಿಟಕಿಯ ಮೇಲೆ, ಮಗುವಿಗೆ ಎಟುಕದಷ್ಟು ದೂರಕ್ಕೆ, ಮೆಲ್ಲಗೆ ಇಟ್ಟರು. ಆಮೇಲೆ ಡಾಕ್ಟರಿಗೂ ಅಲ್ಲ, ಯಾರಿಗೂ ಅಲ್ಲ ಎನ್ನುವಂತೆ ಹೇಳಿದರು:

“ಎರಡು ಸಲ ಚುಚ್ಚಿದಾಗ್ಲೂ ಇವಳು ನನ್ನ ತೊಡೆ ಮೇಲಿದ್ದಳು.”